ಅಮೆರಿಕದ ಕಾಲ್ಚೆಂಡು ಲೀಗ್: ಮೆಸ್ಸಿಗೆ ತೆರೆದ ಬಾಗಿಲು, ಛೆಟ್ರಿಗೆ ತೆರೆಯದ್ದು

ಹೊಸೂರಿನಿಂದ ಅತ್ತಿಬೆಲೆ ಗಡಿ ದಾಟಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಕಾಲ್ಚೆಂಡಾಟ ನೋಡಲು ಹೋಗುವ ನಮ್ಮ ಭಾಗದವರಿಗೆ ಸುನಿಲ್ ಛೆಟ್ರಿ ಚಿರಪರಿಚಿತರು. ಅವರೂ ಒಮ್ಮೆ ಅಮೆರಿಕದ ಮೇಜರ್ ಲೀಗ್ ಸಾಕರ್‌ಗೆ ಹೋಗಿದ್ದರೆಂಬುದು ಅನೇಕರಿಗೆ ನೆನಪಿರಲಾರದು. 2010ರಲ್ಲಿ, 25ರ ಹರೆಯದಲ್ಲಿ ಕಾನ್ಸಾಸ್ ಸಿಟಿ ವಿಜರ್ಡ್ಸ್ ತಂಡ ಸೇರಿದ ಅವರಿಗೆ ಲೀಗಿನ ಒಂದು ಪಂದ್ಯವೂ ಒದಗಲಿಲ್ಲ.

2023ರ ಜುಲೈಯಲ್ಲಿ, 36ರ ವಯಸ್ಸಿನಲ್ಲಿ ಲಯೊನೆಲ್ ಮೆಸ್ಸಿ ಅದೇ ಲೀಗಿನ ಇಂಟರ್ ಮಯಾಮಿ ಸೇರಿದ ಬಗೆಯೇ ಬೇರೆ. ಅಲ್ಲಿ ತಂಡಗಳು ನೀಡುವ ವೇತನಕ್ಕೆ ಮಿತಿಯುಂಟು. 2007ರಲ್ಲಿ ಡೇವಿಡ್ ಬೆಕ್‌ಹ್ಯಾಮ್ ಲಾಸ್ ಏಂಜಲಿಸ್ ಗ್ಯಾಲಕ್ಸಿಗೆ ಬರುವ ಹೊತ್ತಿಗೆ ಆ ಕಟ್ಟನ್ನು ಸಡಿಲಿಸಲಾಯಿತು. ಈಗ ತಂಡವೊಂದು ಮೂವರು ಆಟಗಾರರಿಗೆ ಮಿತಿ ಮೀರಿ ಕೊಡಬಹುದು. ಬೆಕ್‌ಹ್ಯಾಮ್ ಒಪ್ಪಂದದಲ್ಲಿ ಇನ್ನೊಂದು ಅಂಶವೂ ಇತ್ತು: ಮುಂದೆ 2.5 ಕೋಟಿ ಡಾಲರಿಗೆ ಹೊಸ ತಂಡವೊಂದನ್ನು ಪಡೆಯುವ ಹಕ್ಕು. ಅದರಿಂದ ಹುಟ್ಟಿದ್ದೇ ಇಂಟರ್ ಮಯಾಮಿ. ಮೆಸ್ಸಿಗೂ ತಂಡದಲ್ಲಿ ಪಾಲು ಕೊಳ್ಳುವ ಅವಕಾಶವಿದೆ. 2023ರ ಒಪ್ಪಂದದಲ್ಲಿ, ಪಂದ್ಯ ಪ್ರಸಾರ ಮಾಡುವ ಆಪಲ್‌ನ ಚಂದಾ ಆದಾಯದಲ್ಲಿ ಭಾಗವೂ ಇತ್ತು. ಇದನ್ನು ಇಳಿವಯಸ್ಸಿನ ವಿಶ್ರಾಂತಿ ಎನ್ನುವುದು ನಮಗೆ ಒಪ್ಪಿತವಲ್ಲ. ಇದು ಆಟಗಾರ ಒಡೆಯನಾಗುವ ದಾರಿ.

ಛೆಟ್ರಿ ಮರಳಿ ಬಂದರು. 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ವರ್ಷವೇ ಆ ತಂಡ ಐ-ಲೀಗ್ ಗೆದ್ದಿತು.