ಹೊಳೆಗಿಂತ ಮೊದಲು ಸುದ್ದಿ ಬರಲಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಲೆಕ್ಕದ ವಹಿ ಇದೆ. ಒಳಗೆ ಲೆಕ್ಕವಿಲ್ಲ, ಪತ್ರಿಕೆಯ ತುಣುಕುಗಳಿವೆ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ದವು ಕೆಲವು, ಕೊಲ್ಹಾಪುರದ ‘ಪುಢಾರಿ’ಯವು ಕೆಲವು. ಕಬ್ಬಿನ ದರ, ಮಳೆಯ ಲೆಕ್ಕ, ಕೊಯ್ನಾ ಅಣೆಕಟ್ಟೆಯ ನೀರಿನ ಮಟ್ಟ. ಪ್ರತಿ ತುಣುಕಿನ ಪಕ್ಕದಲ್ಲೂ ತಾರೀಖು ಬರೆದಿದ್ದೇನೆ. ಏಳನೆಯ ಇಯತ್ತೆಯ ಮೊಮ್ಮಗಳು ಒಂದು ದಿನ ಅದನ್ನು ತಿರುವಿ ನೋಡಿ, “ಅಜ್ಜಾ, ಇದು ನಿನ್ನ ಬುಕ್‌ಮಾರ್ಕ್ ಪುಸ್ತಕ!” ಅಂದಳು.

ಬುಕ್‌ಮಾರ್ಕ್ ಎಂದರೆ ಓದಿ ನಿಲ್ಲಿಸಿದ ಪುಟದಲ್ಲಿ ಇಡುವ ನವಿಲುಗರಿ ಎಂದು ತಿಳಿದಿದ್ದವನು ನಾನು. ಫೋನಿನಲ್ಲೂ ಅಂಥ ಗರಿ ಇಡಬಹುದು ಎಂದು ಕಲಿಸಿದವಳು ಅವಳೇ. ಕಲಿಯುವ ಅಗತ್ಯ ಏಕೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ.

ನಮ್ಮದು ರಾಯಬಾಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆಯ ಯಾರೂ ಮರೆತಿಲ್ಲ. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಗಿತ್ತು. ಅದೇ ದಿನಗಳಲ್ಲಿ ಒಂದು ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು: ‘ಕೊಯ್ನಾ ಒಡೆಯಿತು, ಊರು ಬಿಡಿ.’ ಮುದುಕರು, ಮಕ್ಕಳು, ಗಂಟುಮೂಟೆ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿ ರಾತ್ರಿಯೆಲ್ಲ ಮಳೆಯಲ್ಲಿ ನಿಂತೆವು. ಕೊಯ್ನಾ ಒಡೆದಿರಲಿಲ್ಲ. ಆ ವಿಡಿಯೊ ಬೇರೆ ಯಾವುದೋ ಊರಿನದು, ಬೇರೆ ವರ್ಷದ್ದು.

ಎರಡು ದಿನ ಬಿಟ್ಟು ನಿಜವಾದ ಸುದ್ದಿ ಬಂತು: ಮೇಲಿನಿಂದ ಇನ್ನಷ್ಟು ನೀರು ಬಿಟ್ಟಿದ್ದಾರೆ. ಅದನ್ನು ಓದಿದವರು ಕೆಲವರೇ, ನಂಬಿದವರು ಇನ್ನೂ ಕಡಿಮೆ. “ಮತ್ತೊಂದು ಸುಳ್ಳ ಬಂತ ನೋಡ್ರಿ” ಎಂದು ನಾನೇ ನಕ್ಕಿದ್ದೆ. ನಸುಕಿನಲ್ಲಿ ನೀರು ಗೋದಲಿಗೆ ಬಂತು. ಕತ್ತಲೆಯಲ್ಲಿ ಹಗ್ಗ ಬಿಚ್ಚಿ ಎಮ್ಮೆಗಳನ್ನು ದಿನ್ನೆಯ ಮೇಲಿನ ಶಾಲೆಗೆ ಹೊಡೆದುಕೊಂಡು ಹೋದೆವು. ಒಂದು ಕರು ಸಿಗಲೇ ಇಲ್ಲ. ಮೊಮ್ಮಗಳು ಆಗ ತೀರ ಸಣ್ಣವಳು. ಕರುವಿನ ಕಥೆಯನ್ನು ಅವಳು ಇಂದಿಗೂ ಕೇಳುತ್ತಾಳೆ. ಈಚೆಗೊಮ್ಮೆ, “ಆ ಸುದ್ದಿ ಎಲ್ಲಿಂದ ಬಂದಿತ್ತು ಅಜ್ಜಾ? ನೀ ಯಾಕ ನಂಬಲಿಲ್ಲ?” ಎಂದು ಕೇಳಿದಳು. ಅಲ್ಲಿಂದ ಶುರುವಾಯಿತು.

ಅವಳು ಮೊದಲು ಕಂಡುಹಿಡಿದ ಸಂಗತಿ ನನಗೆ ಹೊಳೆದೇ ಇರಲಿಲ್ಲ. ಫೋನಿನಲ್ಲಿ ನಾನಾ ಪತ್ರಿಕೆಗಳ ಸುದ್ದಿ ಒಟ್ಟುಮಾಡಿ ತೋರಿಸುವ ಆ್ಯಪ್‌ಗಳಿವೆ. ನಮ್ಮ ಬೆಂಗಳೂರಿನದೇ ಡೈಲಿಹಂಟ್ ಇದೆ. 2009ರಲ್ಲಿ ನ್ಯೂಸ್‌ಹಂಟ್ ಎಂಬ ಹೆಸರಿನಲ್ಲಿ ಬಂದಾಗ ಬಹಳಷ್ಟು ಫೋನುಗಳಲ್ಲಿ ಕನ್ನಡ ಅಕ್ಷರವೇ ಸರಿಯಾಗಿ ಮೂಡುತ್ತಿರಲಿಲ್ಲ. ಗೂಗಲ್ ನ್ಯೂಸ್ ಇದೆ. ಇಂಥ ಕಡೆ ‘ನಿಮ್ಮ ಊರಿನ ಸುದ್ದಿ’ ಎಂದರೆ ನಮಗೆ ಕಾಣುವುದು ಬೆಳಗಾವಿ ಜಿಲ್ಲೆ. ಆದರೆ ನಮ್ಮ ಊರಿನ ನೀರು ಬೆಳಗಾವಿಯಿಂದ ಬರುವುದಿಲ್ಲವಲ್ಲ!

ಮಕ್ಕಳೇ, ನಕಾಶೆ ತೆಗೆದು ನೋಡಿ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಸುಮಾರು 105 ಟಿಎಂಸಿ ನೀರು ಹಿಡಿಯುವ ಕೊಯ್ನಾ ಅಣೆಕಟ್ಟೆ ಸಾತಾರಾ ಜಿಲ್ಲೆಯಲ್ಲಿದೆ. ಕರಾಡದಲ್ಲಿ ಕೊಯ್ನಾ ಮತ್ತು ಕೃಷ್ಣಾ ಎದುರುಬದುರಾಗಿ ಬಂದು ಕೂಡುತ್ತವೆ; ಆ ಜಾಗಕ್ಕೆ ಪ್ರೀತಿಸಂಗಮ ಎಂದೇ ಹೆಸರು. ಸಾಂಗಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ರಾಜಾಪುರ ಬ್ಯಾರೇಜು ದಾಟಿದ ಮೇಲೆ ಹೊಳೆ ನಮ್ಮದು. ನಿಪ್ಪಾಣಿ, ಸದಲಗಾ ಕಡೆಯಿಂದ ವೇದಗಂಗೆಯನ್ನು ಕೂಡಿಸಿಕೊಂಡು ದೂಧಗಂಗೆಯೂ ಬರುತ್ತದೆ. ಅಂದರೆ ನಮ್ಮ ಗೋದಲಿಯ ಸುದ್ದಿ ಹುಟ್ಟುವುದು ಇನ್ನೊಂದು ರಾಜ್ಯದಲ್ಲಿ, ಇನ್ನೊಂದು ಭಾಷೆಯಲ್ಲಿ. ಇದು ಫೋನಿಗೆ ತಾನಾಗಿ ತಿಳಿಯುವುದಿಲ್ಲ. ನಾವು ಹಿಂದೆ ಯಾವುದನ್ನು ಒತ್ತಿ ಓದಿದೆವೋ ಅಂಥದ್ದನ್ನೇ ಅದು ಮತ್ತೆ ಮತ್ತೆ ತಂದು ಸುರಿಯುತ್ತದೆ. ನಾನು ಕ್ರಿಕೆಟ್ ನೋಡುತ್ತಿದ್ದೆ, ಹಾಗಾಗಿ ಮಹಾಪೂರದಲ್ಲೂ ನನಗೆ ಕ್ರಿಕೆಟ್ಟೇ.

ಹಾಗಾದರೆ ಸುದ್ದಿಯ ಮೂಲಗಳನ್ನು ನಾವೇ ಆರಿಸಿಕೊಳ್ಳಬೇಕು. ಅದಕ್ಕೊಂದು ಹಳೆಯ, ಸರಳವಾದ ಉಪಾಯವಿದೆ: ಫೀಡ್.

ಅನೇಕ ಸುದ್ದಿತಾಣಗಳೂ ಹೆಚ್ಚಿನ ಬ್ಲಾಗುಗಳೂ ಓದುಗರಿಗೆ ಕಾಣದಂಥ ಒಂದು ಪುಟ್ಟ ಪಟ್ಟಿ ಇಟ್ಟಿರುತ್ತವೆ. ಹೊಸ ಬರಹದ ತಲೆಬರಹ, ತಾರೀಖು, ವೇಳೆ, ಕೊಂಡಿ, ಅಷ್ಟೇ. ಅದೇ ಫೀಡ್, ಅಥವಾ ಆರ್‌ಎಸ್‌ಎಸ್. ಫೀಡ್ ಓದುವ ಆ್ಯಪ್‌ಗೆ, ಉದಾಹರಣೆಗೆ ಫೀಡ್ಲಿ ಅಥವಾ ಇನೊರೀಡರ್‌ಗೆ, ನಮಗೆ ಬೇಕಾದ ತಾಣದ ವಿಳಾಸ ಕೊಟ್ಟರೆ ಅದು ಆಗಾಗ ಹೋಗಿ ಆ ಪಟ್ಟಿ ನೋಡಿ, ಹೊಸದಿದ್ದರೆ ಮಾತ್ರ ತರುತ್ತದೆ. ಹತ್ತು ಮನೆಗೆ ನಾವೇ ಹೋಗಿ ಬಾಗಿಲು ತಟ್ಟುವ ಬದಲು, ಹತ್ತೂ ಮನೆಯ ಬುತ್ತಿ ನಮ್ಮ ಕಟ್ಟೆಗೇ ಬಂದ ಹಾಗೆ. ಕಿತ್ತಳೆ ಬಣ್ಣದ ಚೌಕದಲ್ಲಿ ಒಂದು ಚುಕ್ಕೆ, ಅದರ ಮೇಲೆ ಎರಡು ಕಮಾನು ಕಂಡರೆ ಅದೇ ಇದರ ಗುರುತು.

ಆರ್‌ಎಸ್‌ಎಸ್ ಮೊದಲು ಬಂದದ್ದು 1999ರಲ್ಲಿ. ಮುಂದಿನ ವರ್ಷ ಅದರ ಹೊಸ ರೂಪವನ್ನು ಬರೆದವರ ಪಟ್ಟಿಯಲ್ಲಿ ಅಮೆರಿಕದ ಆರನ್ ಸ್ವಾರ್ಟ್ಜ್ ಎಂಬ ಹುಡುಗನ ಹೆಸರಿದೆ. ಅವನಿಗೆ ಆಗ ವಯಸ್ಸು 14! ದೊಡ್ಡ ದೊಡ್ಡ ತಂತ್ರಜ್ಞರ ಜೊತೆ ಮಿಂಚಂಚೆಯಲ್ಲಿ ವಾದ ಮಾಡುತ್ತಿದ್ದನಂತೆ. ಇದನ್ನು ಓದಿ ಹೇಳಿದಾಗ ಮೊಮ್ಮಗಳು ಎರಡು ದಿನ ಮನೆಯಲ್ಲಿ ಎಲ್ಲದಕ್ಕೂ ವಾದ ಮಾಡಿದಳು, ಇರಲಿ.

ನಾವು ಮಾಡಿಕೊಂಡದ್ದು ಇಷ್ಟು. ಖಾತೆ ತೆರೆದದ್ದು ಅವಳ ಅಪ್ಪನ ಹೆಸರಿನಲ್ಲಿ. ಮಕ್ಕಳು ಒಬ್ಬರೇ ಖಾತೆ ತೆರೆಯುವುದು ಬೇಡ. ‘ಹೊಳೆ’ ಎಂಬ ಒಂದು ಗಂಟು ಕಟ್ಟಿ ಅದರಲ್ಲಿ ಎರಡು ಕನ್ನಡ, ಎರಡು ಮರಾಠಿ ಪತ್ರಿಕೆಗಳನ್ನು ಸೇರಿಸಿದೆವು. ಫೀಡ್ ಸಿಗದ ಕಡೆಗೆ ಗೂಗಲ್ ಅಲರ್ಟ್ಸ್ ಇದೆ. ಒಂದು ಪದ ಕೊಟ್ಟರೆ, ಆ ಪದವಿರುವ ಹೊಸ ಪುಟ ಕಂಡಾಗ ಅದು ಮಿಂಚಂಚೆಯಲ್ಲಿ ತಿಳಿಸುತ್ತದೆ. ‘ಕೊಯ್ನಾ’ ಎಂದು ಕನ್ನಡದಲ್ಲಿ ಒಮ್ಮೆ, ಮರಾಠಿ ಲಿಪಿಯಲ್ಲಿ ಒಮ್ಮೆ ಬರೆದೆವು. ‘ರಾಜಾಪುರ ಬ್ಯಾರೇಜ್’, ‘ಹಿಪ್ಪರಗಿ’, ‘ಆಲಮಟ್ಟಿ’ ಕೂಡ. ಕೆಳಗಿನ ಬಾಗಿಲು ಎಷ್ಟು ತೆರೆದಿದೆ ಎಂಬುದೂ ತಿಳಿಯಬೇಕಲ್ಲ. ಪತ್ರಿಕೆಗಳ ಜೊತೆಗೆ ಕೇಂದ್ರ ಜಲ ಆಯೋಗ 2023ರಲ್ಲಿ ತಂದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ ಇದೆ. ಅದು ಹಿಂದಿ, ಇಂಗ್ಲಿಷ್‌ನಲ್ಲಿದೆ, ಅದನ್ನು ಓದುವುದು ಮೊಮ್ಮಗಳ ಪಾಲು. ಮರಾಠಿ ಓದುವುದು ನನ್ನ ಪಾಲು. ಅವಳಿಗೆ ಮರಾಠಿ ಮಾತು ಬರುತ್ತದೆ, ಓದು ತಡವರಿಸುತ್ತದೆ. ಹಾಗಾಗಿ ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಆಗುವುದಿಲ್ಲ.

ಈ ಸುದ್ದಿಗಳಲ್ಲಿ ಬರುವ ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಗುಣಾಕಾರ ಮಾಡಿ ನೋಡಿ, ತಪ್ಪಿದ್ದರೆ ನನಗೆ ಬರೆಯಿರಿ. ಕೊಯ್ನಾದಲ್ಲಿ ಬಿಟ್ಟ ನೀರು ಅದೇ ತಾಸಿಗೆ ನಮ್ಮಲ್ಲಿಗೆ ಮುಟ್ಟುವುದಿಲ್ಲ. ನಡುವೆ ಸಿಗುವ ಆ ಹೊತ್ತಿನಲ್ಲಿಯೇ ದನ ಬಿಚ್ಚಬೇಕು, ಮೋಟಾರು ಎತ್ತಬೇಕು, ಕಾಳಿನ ಚೀಲ ಅಟ್ಟಕ್ಕೆ ಹಾಕಬೇಕು.

ಇನ್ನು ನವಿಲುಗರಿಯ ಮಾತು. ಒಳ್ಳೆಯ ಪುಟ ಕಂಡರೆ ಅದರ ಕೊಂಡಿಯನ್ನು ಉಳಿಸಿ, ‘ಪೂರ’, ‘ಬೆಳೆವಿಮೆ’, ‘ದನದ ರೋಗ’ ಎಂದು ಚೀಟಿ ಹಚ್ಚಿ, ಬೇರೆಯವರಿಗೂ ಕಾಣುವ ಹಾಗೆ ಇಡಬಹುದು. ಇದಕ್ಕೆ ಸೋಶಿಯಲ್ ಬುಕ್‌ಮಾರ್ಕಿಂಗ್ ಎನ್ನುತ್ತಾರೆ. 2003ರಲ್ಲಿ ಶುರುವಾದ ಡೆಲಿಶಿಯಸ್ ಎಂಬ ತಾಣ ಇದನ್ನು ಜನಪ್ರಿಯ ಮಾಡಿತು. ಈಗ ಅದು ನಡೆಯುತ್ತಿಲ್ಲ. ಗೂಗಲ್‌ನವರ ಫೀಡ್ ರೀಡರ್ 2013ರ ಜುಲೈ 1ರಂದು ಮುಚ್ಚಿತು, ಓದಲು ಎತ್ತಿಡುವ ‘ಪಾಕೆಟ್’ 2025ರಲ್ಲಿ ಮುಚ್ಚಿತು. ಇಂಥ ಅಂಗಡಿಗಳು ಯಾವಾಗ ಬಾಗಿಲು ಹಾಕುತ್ತವೋ ಹೇಳಲಾಗದು. ಆದ್ದರಿಂದ ನಮ್ಮ ಪಟ್ಟಿಯ ಒಂದು ಪ್ರತಿಯನ್ನು ಇಳಿಸಿಕೊಂಡಿರಬೇಕು. ನಾನಂತೂ ವಿಳಾಸಗಳನ್ನೆಲ್ಲ ನನ್ನ ಹಳೆಯ ವಹಿಯ ಕೊನೆಯ ಪುಟದಲ್ಲಿ ಪೆನ್ನಿನಿಂದ ಬರೆದಿಟ್ಟಿದ್ದೇನೆ. ಮೊಮ್ಮಗಳು ನಗುತ್ತಾಳೆ. ನಗಲಿ.

ಫೀಡಿನಲ್ಲಿ ಬಂದದ್ದೆಲ್ಲ ನಿಜ ಎಂದೇನೂ ಅಲ್ಲ. ಆದರೆ ಯಾರು ಬರೆದದ್ದು, ಯಾವ ದಿನ, ಎಷ್ಟು ಗಂಟೆಗೆ ಎಂಬುದು ಅಲ್ಲಿ ಕಾಣುತ್ತದೆ. ವಾಟ್ಸ್‌ಆ್ಯಪಿನ ಫಾರ್ವರ್ಡಿನಲ್ಲಿ ಅದು ಕಾಣುವುದಿಲ್ಲ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಬಹಳ ದಾಟಿ ಬಂದದ್ದು ಎಂದು ಅರ್ಥ. ಅಂಥದ್ದು ಬಂದಾಗ ನಾವಿಬ್ಬರೂ ‘ಹೊಳೆ’ಯ ಗಂಟು ಬಿಚ್ಚಿ ಅಲ್ಲಿ ಇದೆಯೇ ಎಂದು ನೋಡುತ್ತೇವೆ.

ಈಗ ಮಳೆಗಾಲದಲ್ಲಿ ಸಂಜೆ ಆರಕ್ಕೆ ಕಟ್ಟೆಯ ಮೇಲೆ ನಮ್ಮ ಓದು ನಡೆಯುತ್ತದೆ. ನಾನು ಮರಾಠಿ ಓದಿ ಹೇಳುತ್ತೇನೆ, ಅವಳು ಕನ್ನಡದ್ದನ್ನು ಹೋಲಿಸಿ ನೋಡುತ್ತಾಳೆ, ಆಮೇಲೆ ಬಾಗಿಲ ಪಕ್ಕದ ಸಣ್ಣ ಕರಿಹಲಗೆಯ ಮೇಲೆ ಖಡುವಿನಿಂದ ಅಂಕಿ ಬರೆಯುತ್ತಾಳೆ. ಓಣಿಯವರು ಹಾದಿಯಲ್ಲಿ ನಿಂತು ಕೇಳುತ್ತಾರೆ. ಮೊನ್ನೆ ಎದುರು ಮನೆಯವರು ಛತ್ರಿ ಮಡಚುತ್ತ, “ಎಷ್ಟ ಬಿಟ್ಟಾರವಾ ಇವತ್ತ?” ಎಂದರು.

“ಕೆಳಗ ಬರದೀನಿ ಕಾಕಾ,” ಎಂದಳು ಅವಳು. “ಆದ್ರ ಮೊದಲ ತಾರೀಖ ನೋಡ್ರಿ.”