ಗೆಳತಿಯ ಜೊತೆ ಮಲಾಕ್ಕದಲ್ಲಿ ಎರಡು ದಿನ

ಹೆಣ್ಣು ಮಕ್ಕಳನ್ನು ಓದಲು ವಿದೇಶಕ್ಕೆ ಕಳುಹಿಸುವ ಮನೆಗಳು ಈಗ ನಮ್ಮಲ್ಲೂ ಇವೆ. ಫೀಸು, ಹಾಸ್ಟೆಲು, ಊಟದ ವ್ಯವಸ್ಥೆ ಹೀಗೆ ಎಲ್ಲವನ್ನೂ ಹೆತ್ತವರು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆದರೆ ಮಗಳು ಒಂದು ದಿನ ಫೋನ್ ಮಾಡಿ, "ಶನಿವಾರ, ಭಾನುವಾರ ರಜೆ ಇದೆ. ಗೆಳತಿಯ ಜೊತೆ ಪಕ್ಕದ ಊರು ನೋಡಿ ಬರಲೇ?" ಎಂದು ಕೇಳಿದರೆ ಏನು ಹೇಳಬೇಕೆಂದು ಯಾರೂ ಯೋಚಿಸಿರುವುದಿಲ್ಲ. "ನಿನ್ನನ್ನು ಕಳುಹಿಸಿದ್ದು ಓದಲು, ತಿರುಗಾಡಲು ಅಲ್ಲ" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ.

ನನ್ನ ಅಕ್ಕನೂ ಮೊದಲು ಹೀಗೆಯೇ ಹೇಳಿದಳು. ಅವಳ ಮಗಳು ಮಲೇಷ್ಯಾದ ಗೊಂಬಾಕ್‌ನಲ್ಲಿರುವ ಅಂತಾರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಳೆ. ಅವಳು ನೋಡಬೇಕೆಂದಿದ್ದ ಊರು ಮಲಾಕ್ಕ. ಜೊತೆಗೆ ಹೊರಟವಳು ಇಂಡೋನೇಷ್ಯಾದ ಸಹಪಾಠಿ. "ಉಮ್ಮ, ಬೇಡ ಎಂದರೆ ಹೋಗುವುದಿಲ್ಲ. ಆದರೆ ಯಾಕೆ ಬೇಡ ಎಂದು ಹೇಳಿ" ಎಂದು ಮಗಳು ಕೇಳಿದಾಗ ಅಕ್ಕ ಸ್ವಲ್ಪ ಯೋಚಿಸಿದಳು. ಎಲ್ಲಿ ಉಳಿಯುತ್ತೀರಿ, ಹೇಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸು ಬರುತ್ತೀರಿ ಎಂದು ಕೇಳಿದಳು. ಮಗಳ ಬಳಿ ಎಲ್ಲದಕ್ಕೂ ಉತ್ತರವಿತ್ತು. ಅನುಮತಿ ಸಿಕ್ಕಿತು.

ಎರಡು ಗಂಟೆಯ ದಾರಿ

ಮಲಾಕ್ಕ ಕೌಲಾಲಂಪುರದಿಂದ ಸುಮಾರು 150 ಕಿ.ಮೀ. ದೂರ. ಗೊಂಬಾಕ್‌ನಿಂದ ನಗರ ರೈಲು ಹಿಡಿದು, ಮಸ್ಜಿದ್ ಜಾಮೆಕ್ ನಿಲ್ದಾಣದಲ್ಲಿ ರೈಲು ಬದಲಿಸಿ, ಬಂದಾರ್ ತಾಸಿಕ್ ಸೆಲಾತಾನ್‌ನ ದೊಡ್ಡ ಬಸ್ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ. ಬಸ್ಸುಗಳ ಮೇಲೆ ಊರಿನ ಹೆಸರು 'ಮೆಲಾಕ' ಎಂದಿರುತ್ತದೆ. ಬಸ್ ನಿಲ್ದಾಣದಲ್ಲಿಯೇ ನಮಾಝ್‌ಗೆ ಸ್ಥಳವಿದೆ. ಸ್ತ್ರೀಯರಿಗೆ ಪ್ರತ್ಯೇಕ ವ್ಯವಸ್ಥೆಯಿದೆ.

ನಮಗೂ ಗೊತ್ತಿರುವ ಕಥೆ

ಸುಮಾರು 1400ರ ಹೊತ್ತಿಗೆ ಹುಟ್ಟಿದ ಈ ಬಂದರು ಮಲಯ ಸುಲ್ತಾನರ ಕಾಲದಲ್ಲಿ ಏಷ್ಯಾದ ದೊಡ್ಡ ಸಂತೆಯಾಗಿತ್ತು. ಗುಜರಾತ್, ತಮಿಳುನಾಡು, ಅರೇಬಿಯಾ, ಜಾವಾ, ಚೀನಾಗಳ ವರ್ತಕರು ಅಲ್ಲಿ ಸೇರುತ್ತಿದ್ದರು. ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ 1510ರಲ್ಲಿ ಗೋವಾವನ್ನು ಕಸಿದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್, ಮರುವರ್ಷವೇ ಮಲಾಕ್ಕವನ್ನೂ ವಶಪಡಿಸಿಕೊಂಡ. ಮಸೀದಿಗಳನ್ನೂ ರಾಜರ ಗೋರಿಗಳನ್ನೂ ಕೆಡವಿ ಆ ಕಲ್ಲುಗಳನ್ನು ಕೋಟೆ ಕಟ್ಟಲು ಬಳಸಿದ. 1641ರಲ್ಲಿ ಡಚ್ಚರು ಬಂದರು, 1824ರ ಒಪ್ಪಂದದಿಂದ ಊರು ಬ್ರಿಟಿಷರ ಪಾಲಾಯಿತು. ಆ ದೊಡ್ಡ ಕೋಟೆಯಲ್ಲಿ ಇಂದು ಮುಖ್ಯವಾಗಿ ಉಳಿದಿರುವುದು ಒಂದು ಬಾಗಿಲು. ಅದರ ಮುಂದೆ ನಿಂತು ಹುಡುಗಿ ತಾಯಿಗೆ ಫೋನ್ ಮಾಡಿದಳಂತೆ: "ಉಮ್ಮ, ನಮ್ಮ ಕರಾವಳಿಗೆ ಬಂದವರೇ ಇಲ್ಲಿಗೂ ಬಂದಿದ್ದಾರೆ."

ಭಾಷೆಯಲ್ಲೂ ಆ ಗುರುತು ಉಳಿದಿದೆ. ಮಲಯ ಭಾಷೆಯಲ್ಲಿ ಕಪಾಟಿಗೆ 'ಅಲ್ಮಾರಿ', ಮೈ ಒರೆಸುವ ಬಟ್ಟೆಗೆ 'ತುವಾಲ' ಎನ್ನುತ್ತಾರೆ. ಎರಡೂ ಪೋರ್ಚುಗೀಸ್ ಮೂಲದವು, ಎರಡೂ ನಮ್ಮ ಮನೆಗಳಲ್ಲಿ ದಿನವೂ ಕೇಳುವಂಥವು.

ಒಂದೇ ಬೀದಿಯ ನೆರೆಹೊರೆ

ಆ ಹುಡುಗಿಯರಿಗೆ ಬಹಳ ಹಿಡಿಸಿದ್ದು ಹಳೆಯ ಪೇಟೆಯ ಒಂದು ಬೀದಿ. ಅಲ್ಲಿ 1748ರಲ್ಲಿ ಸ್ಥಾಪನೆಯಾದ ಕಂಪೊಂಗ್ ಕ್ಲಿಂಗ್ ಮಸೀದಿಯಿದೆ. ಇದನ್ನು ಕಟ್ಟಿದವರು ಭಾರತದಿಂದ ಹೋದ ಮುಸ್ಲಿಂ ವರ್ತಕರು. ಅದಕ್ಕೆ ಗುಮ್ಮಟವಿಲ್ಲ. ಮೂರು ಅಂತಸ್ತಿನ ಇಳಿಜಾರು ಮಾಡು, ಚೀನೀ ಪಗೋಡದಂಥ ಮಿನಾರ, ಯುರೋಪಿನ ಶೈಲಿಯ ಕಂಬಗಳು. ಅದರ ಹತ್ತಿರವೇ ಡಚ್ಚರ ಆಳ್ವಿಕೆಯಲ್ಲಿ 1781ರಲ್ಲಿ ಕಟ್ಟಿದ ವಿನಾಯಕ ದೇವಸ್ಥಾನ. ಸ್ವಲ್ಪ ಮುಂದೆ 17ನೇ ಶತಮಾನದ ಚೀನೀ ದೇವಾಲಯ. ಮೂರೂ ಶತಮಾನಗಳಿಂದ ಅಕ್ಕಪಕ್ಕದಲ್ಲಿ ನಿಂತಿವೆ. ಈ ಹಳೆಯ ನಗರವನ್ನು 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇರೆ ಬೇರೆ ನಂಬಿಕೆಯವರು ನೆರೆಯವರಾಗಿ ಬದುಕುವ ಬಗ್ಗೆ ತರಗತಿಯಲ್ಲಿ ಎಷ್ಟು ಕಲಿಸಿದರೂ ಆ ಬೀದಿಯಲ್ಲಿ ಹತ್ತು ನಿಮಿಷ ನಡೆದಷ್ಟು ಆಗದು ಎಂದು ಶಿಕ್ಷಕಿಯಾಗಿ ನನಗನ್ನಿಸುತ್ತದೆ.

ಸಂಜೆ ಅವರು ಮಗ್ರಿಬ್ ನಮಾಝ್‌ಗೆ ಸಮುದ್ರದ ಅಂಚಿನಲ್ಲಿರುವ ಸೆಲಾತ್ ಮಸೀದಿಗೆ ಹೋದರು. 2006ರಲ್ಲಿ ಆರಂಭವಾದ ಈ ಮಸೀದಿ ಕಂಬಗಳ ಮೇಲೆ ನಿಂತಿದ್ದು, ಉಬ್ಬರದ ವೇಳೆ ನೀರಿನ ಮೇಲೆ ತೇಲುವಂತೆ ಕಾಣುತ್ತದೆ. ರಾತ್ರಿ ಜೋಂಕರ್ ಬೀದಿಯ ವಾರಾಂತ್ಯದ ಸಂತೆ ನೋಡಿದರು. ತೆಂಗಿನ ಹೊಂಬಾಳೆಯ ರಸದಿಂದ ಮಾಡುವ ಮಲಾಕ್ಕದ ಬೆಲ್ಲ ಪ್ರಸಿದ್ಧ. ಅದನ್ನು ತೆಂಗಿನ ಹಾಲು, ಮಂಜುಗಡ್ಡೆಯ ಪುಡಿಯ ಜೊತೆ ಬೆರೆಸಿದ 'ಚೆಂಡೋಲ್' ಎಂಬ ತಿನಿಸು ಅಲ್ಲಿ ಎಲ್ಲೆಡೆ ಸಿಗುತ್ತದೆ. ಆದರೆ ಆ ಬೀದಿಯ ಎಲ್ಲ ಅಂಗಡಿಗಳ ಆಹಾರ ಹಲಾಲ್ ಅಲ್ಲ. ಸರ್ಕಾರದ ಹಲಾಲ್ ಮುದ್ರೆ ನೋಡಿಯೇ ತಿನ್ನಬೇಕು.

ಹೊರಡುವ ಮೊದಲು

ಇಂಥ ಪ್ರಯಾಣಕ್ಕೆ ಹೊರಡುವ ಮಕ್ಕಳು ಕೆಲವು ವಿಷಯಗಳನ್ನು ಗಮನಿಸಬೇಕು. ಪಾಸ್‌ಪೋರ್ಟ್ ಮತ್ತು ವಿದ್ಯಾರ್ಥಿ ಗುರುತು ಚೀಟಿ ಜೊತೆಯಲ್ಲಿರಲಿ. ಭಾನುವಾರ ಸಂಜೆ ಬಸ್ಸುಗಳಲ್ಲಿ ನೂಕುನುಗ್ಗಲು, ಆದ್ದರಿಂದ ವಾಪಸಿನ ಟಿಕೆಟನ್ನು ಮೊದಲೇ ತೆಗೆದಿಡಿ. ಉಳಿಯುವ ಸ್ಥಳದ ವಿಳಾಸ ಮನೆಯಲ್ಲೂ ಹಾಸ್ಟೆಲಿನಲ್ಲೂ ಗೊತ್ತಿರಲಿ. ಖರ್ಚಿನ ಹಣವನ್ನು ತಿಂಗಳ ಊಟದ ಹಣದಿಂದ ಬೇರೆ ಇಡಿ. ಎಲ್ಲಕ್ಕಿಂತ ಮುಖ್ಯ ಸಂಗಾತಿಯ ಆಯ್ಕೆ. ನಮಾಝ್‌ನ ವೇಳೆ, ಮಲಗುವ ಹೊತ್ತು, ಹಣದ ಮಿತಿ ಇವುಗಳಲ್ಲಿ ಇಬ್ಬರ ಮನಸ್ಸು ಹೊಂದಬೇಕು.

ಮಹ್ರಮ್ ಜೊತೆಯಿಲ್ಲದೆ ಸ್ತ್ರೀಯರು ಪ್ರಯಾಣಿಸುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ದಾರಿ ಸುರಕ್ಷಿತವಾಗಿದ್ದು ನಂಬಿಗಸ್ತ ಸಂಗಾತಿಗಳಿದ್ದರೆ ಅನುಮತಿಸಿದವರೂ ಇದ್ದಾರೆ. ಈ ಮಾತನ್ನು ಮಗಳು ವಿಮಾನ ಹತ್ತುವ ಮೊದಲೇ ಮನೆಯಲ್ಲಿ ಕುಳಿತು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಕಾರಣ ಹೇಳದೆ ಬೇಡವೆಂದರೆ ಮಕ್ಕಳು ಮುಂದೆ ಕೇಳುವುದನ್ನೇ ಬಿಡುತ್ತಾರೆ. ಹೇಳದೆ ಹೋಗುವುದು ಹೇಳಿ ಹೋಗುವುದಕ್ಕಿಂತ ಎಷ್ಟೋ ಅಪಾಯ.

ಇಬ್ನು ಬತೂತ 1325ರಲ್ಲಿ ಟ್ಯಾಂಜಿಯರ್‌ನಿಂದ ಹೊರಟಾಗ ಅವರಿಗೆ 21 ವರ್ಷ. ಮುಂದೆ ನಮ್ಮ ಹೊನ್ನಾವರಕ್ಕೂ ಬಂದರು. ಅಲ್ಲಿ ಹೆಣ್ಣು ಮಕ್ಕಳ 13 ಶಾಲೆಗಳನ್ನು ಕಂಡುದಾಗಿ ಅವರ ಪ್ರವಾಸ ಕಥನದಲ್ಲಿದೆ. ಅವರು ಕಣ್ಣು ತೆರೆದು ತಿರುಗಾಡಿದ್ದರಿಂದಲೇ ನಮ್ಮ ಊರಿನ ಆ ಹೆಣ್ಣು ಮಕ್ಕಳ ಸುದ್ದಿ ನಮಗಿಂದು ತಿಳಿದಿದೆ. ಇಂದು ನಮ್ಮ ಹೆಣ್ಣು ಮಕ್ಕಳೇ ಹೊರಟು ನೋಡಿ ಬರುವ ಕಾಲ ಬಂದಿದೆ. ಅವರು ವಾಪಸು ಬಂದು ಹೇಳುವುದನ್ನು ಕೇಳಲು ನಾವು ಸಮಯ ಮಾಡಿಕೊಳ್ಳೋಣ.