ಪೋಲಿಷ್ ಭಾಷೆಯ ವಂದನೆ–ವಿದಾಯಗಳು: ಇಂಗ್ಲಿಷ್ ಭಾಷಿಕರ ಕಲಿಕೆಯ ತೊಡಕುಗಳು

ಪೋಲಿಷ್ ಭಾಷೆಯು ಇಂಡೋ–ಯುರೋಪಿಯನ್ ಪರಿವಾರದ ಪಶ್ಚಿಮ ಸ್ಲಾವಿಕ್ ಶಾಖೆಗೆ ಸೇರಿದುದು. ಇಂಗ್ಲಿಷ್ ಕೂಡ ಅದೇ ಪರಿವಾರದ ಭಾಷೆ. ಹೀಗಿದ್ದೂ ಇಂಗ್ಲಿಷ್ ಮಾತೃಭಾಷೆಯವರು ಪೋಲಿಷ್ ಕಲಿಯತೊಡಗಿದಾಗ ಮೊದಲ ಪಾಠದ ವಂದನೆಯಲ್ಲಿಯೇ ಎಡವುವುದುಂಟು. ಈ ತೊಡಕು ಉಚ್ಚಾರಣೆಗಷ್ಟೇ ಸೀಮಿತವಾದುದಲ್ಲ. ಎದುರಿಗಿರುವ ವ್ಯಕ್ತಿಯೊಡನೆ ತನ್ನ ಸಂಬಂಧವೇನು ಎಂಬುದನ್ನು ಬಾಯಿ ತೆರೆಯುವ ಮುನ್ನವೇ ನಿರ್ಧರಿಸಬೇಕಾದ ತೊಡಕು ಇದು.

ಹಗಲಿನ ಸಾಮಾನ್ಯ ವಂದನೆ ‘ಜೆನ್ ದೊಬ್ರಿ’. ‘ಜೆನ್’ ಎಂದರೆ ದಿನ, ‘ದೊಬ್ರಿ’ ಎಂದರೆ ಒಳ್ಳೆಯ. ಇಂಗ್ಲಿಷಿನಲ್ಲಿ ಬೆಳಗಿಗೊಂದು, ಮಧ್ಯಾಹ್ನಕ್ಕೊಂದು ವಂದನೆಯಿದ್ದರೆ ಇಲ್ಲಿ ಎರಡಕ್ಕೂ ಇದೊಂದೇ ಸಾಕು. ಸಂಜೆಗೆ ‘ದೊಬ್ರಿ ವ್ಯೆಚುರ್’. ರಾತ್ರಿ ಬೀಳ್ಕೊಳ್ಳುವಾಗ ‘ದೊಬ್ರಾನೊತ್ಸ್’. ‘ಜೆನ್’ ಪುಲ್ಲಿಂಗ, ರಾತ್ರಿ ಎಂಬರ್ಥದ ‘ನೊತ್ಸ್’ ಸ್ತ್ರೀಲಿಂಗ. ಆದ್ದರಿಂದಲೇ ವಿಶೇಷಣವು ‘ದೊಬ್ರಾ’ ಆಗುತ್ತದೆ. ‘ನೊತ್ಸ್’ನ ಕೊನೆಯ ಧ್ವನಿ ಮರಾಠಿಯ ‘ಚಾಂಗಲಾ’ ಶಬ್ದದ ಮೊದಲ ಧ್ವನಿಗೆ ಸಮೀಪವಾದುದು. ಮುಂಬಯಿ, ಪುಣೆಗಳ ಕನ್ನಡಿಗರಿಗೆ ಇದು ಅಪರಿಚಿತವಲ್ಲ.

ಗೆಳೆಯರು, ಮನೆಯವರು, ಮಕ್ಕಳ ನಡುವೆ ‘ಚೆಶ್ಚ್’ ಬಳಕೆಯಲ್ಲಿದೆ. ಭೇಟಿಗೂ ವಿದಾಯಕ್ಕೂ ಇದೊಂದೇ ಮಾತು. ಈ ಶಬ್ದದ ಮೂಲಾರ್ಥ ಗೌರವ, ಮನ್ನಣೆ ಎಂದು. ಆದರೆ ಅಪರಿಚಿತ ಹಿರಿಯರಿಗೆ ಇದನ್ನೇ ಹೇಳಿದರೆ ಅಗೌರವವೆನಿಸುತ್ತದೆ. ಇದರ ಆದಿಯಲ್ಲಿ ಮತ್ತು ಅಂತ್ಯದಲ್ಲಿ ಬರುವ ಚಕಾರಗಳು ಪೋಲಿಷರಿಗೆ ಬೇರೆಬೇರೆ. ಇಂಗ್ಲಿಷ್ ಕಿವಿಗೆ ಒಂದೇ. ಹಾಗೆಯೇ ಅಲ್ಲಿಯ ಎರಡು ಊಷ್ಮಗಳು ನಮ್ಮ ಶಕಾರ–ಷಕಾರಗಳನ್ನು ನೆನಪಿಸುತ್ತವೆ. ಕನ್ನಡದ ಆಡುಮಾತಿನಲ್ಲಿ ಈ ಭೇದ ಬಹುಮಟ್ಟಿಗೆ ಅಳಿದಿದ್ದರೂ ಲಿಪಿಯಲ್ಲಿ ಉಳಿದಿದೆ.

ಗೌರವದ ಸಂಬೋಧನೆಯು ಇನ್ನೂ ಗಮನಾರ್ಹ. ಇಂಗ್ಲಿಷಿನಲ್ಲಿ ಹಿರಿಯ–ಕಿರಿಯರೆಲ್ಲರಿಗೂ ಇಂದು ಒಂದೇ ಮಧ್ಯಮಪುರುಷ ಸರ್ವನಾಮ. ಪೋಲಿಷಿನಲ್ಲಿ ಆತ್ಮೀಯರಿಗೆ ‘ತಿ’. ಇತರರಲ್ಲಿ ಗಂಡಸಿಗೆ ‘ಪಾನ್’, ಹೆಂಗಸಿಗೆ ‘ಪಾನಿ’ ಎಂದು ಹೇಳಿ ಕ್ರಿಯಾಪದವನ್ನು ಪ್ರಥಮಪುರುಷದಲ್ಲಿ ಬಳಸಬೇಕು. ಎದುರಿಗಿರುವವರನ್ನೇ ದೂರದವರಂತೆ ನಿರ್ದೇಶಿಸುವ ಈ ಕ್ರಮ ಇಂಗ್ಲಿಷ್ ಭಾಷಿಕರಿಗೆ ವಿಚಿತ್ರವಾಗಿ ತೋರುವುದು ಸಹಜ. ಕನ್ನಡಿಗರಿಗೆ ಹಾಗೆ ತೋರಬೇಕಾಗಿಲ್ಲ. ಮೂಲತಃ ಆತ್ಮಾರ್ಥಕ ಸರ್ವನಾಮವಾದ ‘ತಾವು’ ಎಂಬುದನ್ನೇ ನಾವು ಎದುರಿನವರ ಮನ್ನಣೆಗೆ ಬಳಸುತ್ತೇವೆಯಷ್ಟೆ.

ಔಪಚಾರಿಕ ವಿದಾಯ ‘ದೊ ವಿದ್ಜೆನ್ಯಾ’. ‘ಕಾಣುವವರೆಗೆ’ ಎಂಬುದು ಇದರ ಅರ್ಥ. ದೂರವಾಣಿಯಲ್ಲಾದರೆ ‘ದೊ ಉಸ್ವಿಷೆನ್ಯಾ’, ಅಂದರೆ ‘ಕೇಳುವವರೆಗೆ’. ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಕನ್ನಡದ ನುಡಿಯಲ್ಲಿಯೂ ಮರುಭೇಟಿಯ ಇದೇ ಆಶಯವಿದೆ.

ವಂದನೆಯ ಮಾತುಗಳನ್ನು ಪದಕ್ಕೆ ಪದವಿಟ್ಟು ಕಲಿಸಲಾಗದು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಹೊರನಾಡಿನಲ್ಲಿ ಕನ್ನಡೇತರರಿಗೆ ‘ನೀನು’, ‘ನೀವು’, ‘ತಾವು’ಗಳನ್ನು ಕಲಿಸುವವರಿಗೂ ಈ ಮಾತು ಸಲ್ಲುತ್ತದೆ. ಶಬ್ದದೊಡನೆ ಅದು ಸೂಚಿಸುವ ಮಾನವ ಸಂಬಂಧವನ್ನೂ ಕಲಿಸಿದಾಗಲೇ ಭಾಷಾಬೋಧನೆ ಸಾರ್ಥಕ.